ಅಪ್ಪನ ಭಾಷೆ ಕಲಿಯಲು ಬಂದವಳು

ಮೊನ್ನೆ ಶೆಫೀಲ್ಡಿನ ಟ್ರಾಮಿನಲ್ಲಿ ನನ್ನ ಮುಂದೆ ನಿಂತಿದ್ದವರ ಉಣ್ಣೆ ಕೋಟು ಮಳೆಗೆ ನೆನೆದಿತ್ತು. ಒದ್ದೆ ಉಣ್ಣೆಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇಪ್ಪತ್ತು ವರ್ಷ ಹಿಂದಿನ ತರಗತಿಯೊಂದು ಕಣ್ಣ ಮುಂದೆ ಬಂತು. ಎಲ್ಲರ ಕೋಟುಗಳೂ ಕೋಣೆ ಬಿಸಿ ಮಾಡುವ ರೇಡಿಯೇಟರ್ ಮೇಲೆ ಒಣಗುತ್ತಿದ್ದವು, ನನ್ನ ಪಕ್ಕದ ಕುರ್ಚಿಯಲ್ಲಿ ಆ ಹುಡುಗಿ ಕೂತಿರುತ್ತಿದ್ದಳು...

ನಾನು ಸ್ಪ್ಯಾನಿಷ್ ಕಲಿಯಲು ಹೋದದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಯಜಮಾನರು ಆಸ್ಪತ್ರೆಯಲ್ಲಿ ಡಾಕ್ಟರು. ಅವರ ಡ್ಯೂಟಿಯ ರೋಟಾ ಹೇಗೋ ನಮ್ಮ ಮನೆಯ ಊಟ, ನಿದ್ದೆ ಹಾಗೆ. ಮಗ ಸ್ಕೂಲಿಗೆ ಹೋದ ಮೇಲೆ ಗೋಡೆ ನೋಡಿಕೊಂಡು ಕೂರುವ ಬದಲು ಯೂನಿವರ್ಸಿಟಿಯಲ್ಲಿ ಆರಂಭಿಕರ ತರಗತಿ ಸೇರಿದೆ. ಅವಳಿಗೆ ಮಾತ್ರ ಕಾರಣವಿತ್ತು. ಅವಳ ಅಪ್ಪ ಚಿಲಿ ದೇಶದ ಮಿಲಿಟರಿ ಆಳ್ವಿಕೆಗೆ ಹೆದರಿ ಇಂಗ್ಲೆಂಡಿಗೆ ಓಡಿಬಂದು, ಇಲ್ಲಿನ ಸ್ಟೀಲ್ ಕಾರ್ಖಾನೆಯಲ್ಲಿ ದುಡಿದವರು. ಅಮ್ಮ ಇಲ್ಲಿಯವರೇ, ಆಗಲೇ ತೀರಿಹೋಗಿದ್ದರು. ಆ ವರ್ಷ ಅಪ್ಪನಿಗೆ ಸ್ಟ್ರೋಕ್ ಆಗಿ, ಮೂವತ್ತು ವರ್ಷ ಆಡಿದ ಇಂಗ್ಲಿಷ್ ಪೂರ್ತಿ ಅಳಿಸಿಹೋಗಿತ್ತು. ಉಳಿದದ್ದು ಹುಟ್ಟುಭಾಷೆ ಸ್ಪ್ಯಾನಿಷ್ ಒಂದೇ. ಅವರು ಆಡಿದ್ದೆಲ್ಲ ಮಗಳಿಗೆ ಅರ್ಥವಾಗುತ್ತಿತ್ತು. ಆದರೆ ಚಿಕ್ಕಂದಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಬೆಳೆದವಳಿಗೆ ತಿರುಗಿ ಆಡಲು ನಾಲಿಗೆ ಹೊರಳುತ್ತಿರಲಿಲ್ಲ. ನನ್ನ ಮಗನ ಕನ್ನಡವೂ ಅಷ್ಟರಲ್ಲೇ ಇತ್ತು.

ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಬಾರದೇ ಎಂದು ಕೇಳಿದ್ದೆ. ಅದನ್ನೂ ಮಾಡಿದ್ದಳಂತೆ. ಅಪ್ಪ ಹಿರಿಹಿರಿ ಹಿಗ್ಗಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳತೊಡಗಿದರಂತೆ. ಐದನೆಯ ವಾಕ್ಯ ಅವಳ ಹತ್ತಿರ ಇರಲಿಲ್ಲ.

ಯೂನಿವರ್ಸಿಟಿಯಲ್ಲಿ ಒಂದು ನಿಯಮವಿತ್ತು. ಮನೆಯಲ್ಲಿ ಸ್ಪ್ಯಾನಿಷ್ ಕೇಳಿ ಬೆಳೆದವರು ಆರಂಭಿಕರ ಜೊತೆ ಕೂರುವಂತಿಲ್ಲ. ಅವರಿಗೆ ಬೇರೆ ತರಗತಿ, ಅಲ್ಲಿ ಮೊದಲ ದಿನದಿಂದಲೇ ಪ್ರಬಂಧ, ಚರ್ಚೆ. ಅದಕ್ಕೇ ಅವಳು ಏನೂ ಗೊತ್ತಿಲ್ಲದವಳ ಹಾಗೆ ನಮ್ಮ ಜೊತೆ ಕೂತು ಕಾಫಿ ಕೇಳುವುದನ್ನೂ ಸ್ಟೇಷನ್ನಿನ ದಾರಿ ಕೇಳುವುದನ್ನೂ ಕಲಿಯುತ್ತಿದ್ದಳು. ಈ ನಿಯಮ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಆಗ ನಾನು ಮಾಡಿದ ಘನಕಾರ್ಯ ಕೇಳಿ. ಯುಗಾದಿ ಕಾರ್ಯಕ್ರಮದಲ್ಲಿ ಇಲ್ಲಿನ ನಮ್ಮ ಕನ್ನಡದ ಅಮ್ಮಂದಿರು ಮಕ್ಕಳನ್ನು ವೇದಿಕೆಗೆ ದಬ್ಬುತ್ತಾ, "ಇವನಿಗೆ ಎಲ್ಲಾ ಬರತ್ತೆ, ಸ್ವಲ್ಪ ನಾಚಿಕೆ ಅಷ್ಟೇ" ಅನ್ನುವುದಿಲ್ಲವೇ? ನಾನೂ ಅಂದವಳೇ. ಒಂದು ದಿನ ಮೇಷ್ಟ್ರು ಏನೋ ಕೇಳಿದಾಗ ಅವಳು ತಲೆ ತಗ್ಗಿಸಿ ಕೂತಳು. ಇವಳನ್ನು ದಡ್ಡಿ ಅಂದುಕೊಂಡಾರು ಎನಿಸಿತು ನನಗೆ. ತರಗತಿ ಮುಗಿದ ಮೇಲೆ ಅವರ ಹಿಂದೆಯೇ ಹೋಗಿ, ಅದು ಅವಳ ಅಪ್ಪನ ಭಾಷೆ, ಅವಳಿಗೆ ಎಲ್ಲಾ ಅರ್ಥವಾಗುತ್ತದೆ, ನಾಚಿಕೆ ಅಷ್ಟೇ ಎಂದು ಹೊಗಳಿ ಬಂದೆ.

ಮುಂದಿನ ವಾರ ಅವಳ ಕುರ್ಚಿ ಖಾಲಿ.

ಮೇಷ್ಟ್ರು ಕೆಟ್ಟವರಲ್ಲ, ನಿಯಮದಂತೆ ಬೇರೆ ತರಗತಿಗೆ ಕಳಿಸಿದ್ದರು. ಅವಳನ್ನು ವಾಪಸ್ ಕರೆಸಿ ಎಂದು ಹೋಗಿ ಕೈಮುಗಿದೆ. ಹೆಸರಿನ ಪಟ್ಟಿ ಆಫೀಸಿಗೆ ಹೋಗಿಯಾಯಿತು, ಇನ್ನು ತಮ್ಮ ಕೈಯಲ್ಲಿಲ್ಲ ಎಂದರು. ಪಟಪಟ ಮಾತಾಡುವವರ ನಡುವೆ ಅವಳು ಎರಡು ವಾರ ಮೂಕಿಯಂತೆ ಕೂತು, ಯೂನಿವರ್ಸಿಟಿಗೆ ಬರುವುದನ್ನೇ ಬಿಟ್ಟಳು.

"ನಿನ್ನ ಯಾರು ಕೇಳಿದ್ರೇ? ಯಾಕೆ ಮಧ್ಯ ಬಾಯಿ ಹಾಕಕ್ಕೆ ಹೋದೆ?" ಎಂದರು ಯಜಮಾನರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಏನು ಮಾಡಲಿ... ಅವಳ ಮನೆ ಎಲ್ಲಿ ಎಂಬುದೂ ನನಗೆ ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ಮಾರ್ಕೆಟ್ಟಿನ ಹತ್ತಿರ ಸಿಕ್ಕಳು. ಅಪ್ಪ ಹೋಗಿ ಒಂದು ತಿಂಗಳಾಗಿತ್ತು. ಕೊನೆಯ ವಾರ ಅವರ ಕಣ್ಣು ಮಂಜಾಗಿತ್ತಂತೆ, ನೆನಪೂ ಕೈಕೊಡುತ್ತಿತ್ತಂತೆ. ಸೂಪು ಕುಡಿಸುತ್ತಿದ್ದ ಇವಳನ್ನು, ನನ್ನ ಮಗಳು ಯಾವಾಗ ಬರುತ್ತಾಳೆ ಎಂದು ಕೇಳಿದರಂತೆ. ನಾನೇ ನಿಮ್ಮ ಮಗಳು ಎಂದು ಇವಳು ಹೇಗೋ ಕೂಡಿಸಿಕೊಂಡು ಸ್ಪ್ಯಾನಿಷಿನಲ್ಲೇ ಹೇಳಿದಳಂತೆ. ಅವರು ನಕ್ಕು ಇವಳ ಕೈ ತಟ್ಟಿದರಂತೆ.

"ಇಲ್ಲಮ್ಮ, ನನ್ನ ಮಗಳಿಗೆ ಸ್ಪ್ಯಾನಿಷ್ ಬರಲ್ಲ."

ಅಲ್ಲ ಅಪ್ಪ, ನಾನೇ, ಎಂದು ಹಳೆಯದನ್ನೆಲ್ಲ ಹೇಳಿ ನಂಬಿಸಲು ಅವಳ ಹತ್ತಿರ ಮಾತಿರಲಿಲ್ಲ. ಮತ್ತೊಂದು ಚಮಚ ಸೂಪು ಕುಡಿಸಿದಳಂತೆ. ನನ್ನನ್ನು ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ತಪ್ಪಾಯಿತು ಎನ್ನಲು ನನಗೂ ಬಾಯಿ ಬರಲಿಲ್ಲ.

ಆಮೇಲೆ ಅವಳನ್ನು ನೋಡಿಲ್ಲ. ಈಗ ಎಲ್ಲಿದ್ದಾಳೋ... ಆ ವರ್ಷ ನಾನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾದೆ. ಕಲಿತದ್ದರಲ್ಲಿ ಇಂದು ಒಂದು ವಾಕ್ಯವೂ ನೆನಪಿಲ್ಲ. ನನಗೆ ಅದು ಯಾವುದಕ್ಕೂ ಬೇಕಿರಲಿಲ್ಲ.