ಸೋಮವಾರದ ಹಳದಿ ದೀಪ

ಸಿಸ್ಟರಮ್ಮನ ಕೈಗೆ ಸಿಕ್ಕಿದ್ದು ಯಾವುದೂ ಕೊಳೆಯಾಗಿ ಉಳಿದ ಉದಾಹರಣೆಯಿಲ್ಲ. ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ಜೀವ ತೇಯ್ದವರು. ಕೈ ಸರಿಯಾಗಿ ತೊಳೆದಿಲ್ಲವೆಂದು ದೊಡ್ಡ ದೊಡ್ಡ ಡಾಕ್ಟರುಗಳನ್ನೇ ಬಾಗಿಲಿನಿಂದ ವಾಪಸು ಕಳಿಸಿದವರು. ಮನೆಯಲ್ಲಿ ಗೋಡೆಯ ಸ್ವಿಚ್ಚುಗಳೂ ಅವರನ್ನು ಕಂಡರೆ ಮೈ ಮುದುಡಿಕೊಳ್ಳುತ್ತಿದ್ದವು. ನಿವೃತ್ತರಾದ ಮೇಲೆ, ಎಲ್ಲರೂ ಬೇಡವೆಂದರೂ ಕೇಳದೆ ಡ್ರೈವಿಂಗ್ ಕಲಿತು, ಹಳೆಯದೊಂದು ಕಾರು ಕೊಂಡರು. ಹಠಕ್ಕೆ ಬಿದ್ದರೆ ಅವರನ್ನು ಹಿಡಿಯುವವರುಂಟೇ?

ಆ ಕಾರಿಗೆ ಈಗ ವಿಚಿತ್ರ ರೋಗ. ಪ್ರತಿ ಸೋಮವಾರ ಬೆಳಿಗ್ಗೆ ಮೀಟರಿನ ಪಕ್ಕದಲ್ಲಿ ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು. ಇಂಜಿನ್ನು ಕೆಮ್ಮಿ, ಕುಲುಕಿ, ಸಿಗ್ನಲ್ಲಿನಲ್ಲಿ ನಿಂತರೆ ಕೂತವರ ಮೈಯೆಲ್ಲ ನಡುಗಿಸುತ್ತಿತ್ತು. ಅವರ ಸ್ವಂತ ತಮ್ಮನೇ ಮೆಕ್ಯಾನಿಕ್ಕು. ಆದರೆ ಸೋಮವಾರ ಅವನ ಗ್ಯಾರೇಜಿಗೆ ರಜ. ಮಂಗಳವಾರ ಒಯ್ದರೆ ಕಾರು ಏನೂ ಆಗಿಲ್ಲವೆಂಬಂತೆ ಸಂಭಾವಿತನಾಗಿ ನಿಲ್ಲುತ್ತಿತ್ತು. ಅವನು ಪ್ಲಗ್ಗು ಬದಲಿಸಿದ, ಪೆಟ್ರೋಲ್ ಪೈಪು ಶುಚಿ ಮಾಡಿದ, ಸ್ಕ್ಯಾನರ್ ಹಚ್ಚಿ ದೀಪ ಆರಿಸಿದ. ಮುಂದಿನ ಸೋಮವಾರ ದೀಪ ಮತ್ತೆ ಹಾಜರ್.

ಸಿಸ್ಟರಮ್ಮನ ಮಗನಂತೂ ರೋಗ ಪತ್ತೆಯಾಯಿತೆಂದೇ ತೀರ್ಮಾನಿಸಿದ್ದ.

"ಅಮ್ಮ, ಕಾರು ಸರಿಯಾಗೇ ಇದೆ. ಕ್ಲಚ್ ಬಿಡೋದು ನಿಂಗೆ ಬರ್ತಿಲ್ಲ. ಸುಮ್ನೆ ಮಾರಿಬಿಡೋಣ, ಎಲ್ಲಿಗೆ ಬೇಕಾದ್ರೂ ನಾನೇ ಕರ್ಕೊಂಡು ಹೋಗ್ತೀನಿ."

ಮಗ ಕರೆದುಕೊಂಡು ಹೋಗುವುದೆಂದರೆ ಅವನಿಗೆ ಪುರುಸೊತ್ತಾದಾಗ ಎಂದರ್ಥ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಾಲದ್ದಕ್ಕೆ ಮುಂದಿನ ಸೋಮವಾರ ಸಂಜೆ ಕಾರು ನೋಡಲು ಒಬ್ಬ ಗಿರಾಕಿಯನ್ನೂ ಅವನು ಬರಹೇಳಿದ್ದ.

ಆ ಸೋಮವಾರ ಬೆಳಿಗ್ಗೆ ದೀಪ ಹೊತ್ತಿದ್ದೇ ತಡ, ತಮ್ಮನಿಗೆ ಫೋನ್ ಹೋಯಿತು. "ರಜ ಗಿಜ ಅಂದ್ರೆ ಕಿವಿ ಹಿಂಡ್ತೀನಿ, ಈಗ್ಲೇ ಬಾ."

ತಲೆ ನರೆತ ಮೆಕ್ಯಾನಿಕ್ಕು ಒಮ್ಮೆ ಕಿವಿ ಮುಟ್ಟಿ ನೋಡಿಕೊಂಡು ಓಡಿ ಬಂದ.

ಬಾನೆಟ್ ಎತ್ತಿದರೆ ಇಂಜಿನ್ನು ಫಳಫಳ ಹೊಳೆಯುತ್ತಿತ್ತು. ಅವನಿಗೆ ಅನುಮಾನ ಬಂತು. ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಕಿತ್ತು, ಪ್ಲಗ್ಗು ಕೂರುವ ಗುಂಡಿಯೊಳಗೆ ಟಾರ್ಚಿನ ಬೆಳಕು ಬಿಟ್ಟ. ನೀರು ನಿಂತಿತ್ತು. ಬೆರಳದ್ದಿ ಮೂಸಿದ.

"ಅಕ್ಕ, ನಿಂಬೆಹಣ್ಣಿನ ಸೋಪು!"

"ಮತ್ತೆ? ಬರೀ ನೀರಲ್ಲಿ ಜಿಡ್ಡು ಹೋಗತ್ತೇನೋ? ಪ್ರತಿ ಭಾನುವಾರ ಬಾನೆಟ್ ಎತ್ತಿ, ಪೈಪ್ ಹಿಡಿದು, ತಿಕ್ಕಿ ತಿಕ್ಕಿ ತೊಳಿತೀನಿ" ಎಂದರು ಸಿಸ್ಟರಮ್ಮ, ಹೆಮ್ಮೆಯಿಂದ.

ಮೆಕ್ಯಾನಿಕ್ಕು ಹಣೆ ಚಚ್ಚಿಕೊಂಡ. "ನೀರಿಳಿದು ಕಿಡಿನೇ ಹೊತ್ಕೊಳ್ತಿಲ್ಲ. ಅದಕ್ಕೇ ದೀಪ, ಅದಕ್ಕೇ ಕುಲುಕಾಟ. ಒಂದು ದಿನ ಓಡಿದ್ರೆ ಬಿಸಿಗೆ ಒಣಗತ್ತೆ, ನನ್ನ ಹತ್ರ ಬರೋ ಹೊತ್ತಿಗೆ ಏನೂ ಇರಲ್ಲ." ಆಮೇಲೆ ದನಿ ತಗ್ಗಿಸಿದ. "ಹೋಗ್ಲಿ ಬಿಡು, ಕಾಯಿಲ್ ಕೆಟ್ಟಿತ್ತು ಅಂತ ನಿನ್ನ ಮಗನಿಗೆ ನಾನೇ ಹೇಳ್ತೀನಿ."

ಸಿಸ್ಟರಮ್ಮನ ಮುಖ ಸಪ್ಪಗಾಯಿತು. ಜೀವಮಾನವೆಲ್ಲ ನಂಬಿಕೊಂಡು ಬಂದ ಶುಚಿಯೇ ಅವರಿಗೆ ಕೈಕೊಟ್ಟಿತ್ತು. ಸುಳ್ಳು ಹೇಳಿದರೆ ಮಾನವೂ ಉಳಿಯುತ್ತಿತ್ತು, ಕಾರೂ ಉಳಿಯುತ್ತಿತ್ತು. ಆದರೆ ಸುಳ್ಳು ಅವರಿಗೆ ಒಗ್ಗುವುದಲ್ಲ. ಮಗ ಹೊರಗೆ ಬರುತ್ತಿದ್ದಂತೆ ತಾವೇ ಎಲ್ಲವನ್ನೂ ಹೇಳಿಬಿಟ್ಟರು.

"ತಪ್ಪು ನನ್ನ ಕೈದೇ ಕಣೋ. ಆದ್ರೆ ಸ್ಟೀರಿಂಗ್ ಹಿಡಿದಾಗಲ್ಲ, ಪೈಪ್ ಹಿಡಿದಾಗ."

ಮಗ ಗುಂಡಿಯೊಳಗಿನ ನೀರನ್ನು ನೋಡಿದ, ಅಮ್ಮನನ್ನು ನೋಡಿದ, ನಗು ತಡೆಯಲಾಗಲಿಲ್ಲ. ಬರುವುದು ಬೇಡವೆಂದು ಗಿರಾಕಿಗೆ ಫೋನ್ ಮಾಡಿದ. ಅಷ್ಟರಲ್ಲಿ ಮೆಕ್ಯಾನಿಕ್ಕು ನೀರು ಒರೆಸಿ ತೆಗೆದು ದೀಪ ಆರಿಸಿದ್ದ. ಇಂಜಿನ್ನು ಕೆಮ್ಮದೆ ಓಡುತ್ತಿತ್ತು.

"ಕ್ಲಚ್ ವಿಷಯ ನಾನಂದಿದ್ದು ತಪ್ಪಾಯ್ತಮ್ಮ. ನಡಿ, ನೀನೇ ಓಡಿಸು" ಎಂದು ಮಗ ಪಕ್ಕದ ಸೀಟಿನ ಬಾಗಿಲು ತೆಗೆದ.

"ತಡಿ" ಎಂದರು ಸಿಸ್ಟರಮ್ಮ, ಸ್ಟೀರಿಂಗ್ ಹಿಡಿದು. "ಚಪ್ಪಲಿ ಒರೆಸ್ಕೊಂಡು ಹತ್ತು."