ದೊಡ್ಡಪ್ಪ ಮುಟ್ಟಲು ಬಿಡದ ಪೈಪು

ನಮ್ಮ ದೊಡ್ಡಪ್ಪನಿಗೆ ಕಾರಿನ ಮಂದಿ ಇಟ್ಟಿದ್ದ ಹೆಸರು 'ಭೂತಗನ್ನಡಿ'. ಹಳೆಯ ಇಟಾಲಿಯನ್ ಸ್ಪೋರ್ಟ್ಸ್ ಕಾರು ಕೊಳ್ಳುವವರು ಮುಂಗಡ ಕೊಡುವ ಮೊದಲು ಇವರನ್ನು ಕರೆಸಿ ಕಾರು ತೋರಿಸುತ್ತಿದ್ದರು. ಸ್ವಂತಕ್ಕೆ ಇದ್ದದ್ದು ಒಂದು ಸೈಕಲ್ಲು. ಡ್ರೈವಿಂಗಂತೂ ಬರುತ್ತಲೇ ಇರಲಿಲ್ಲ. ಆದರೆ ಗೋಣಿಚೀಲ ಹಾಸಿ, ಟಾರ್ಚು ಹಿಡಿದು ಕಾರಿನ ಕೆಳಗೆ ಮಲಗಿದರೆಂದರೆ ಮಾರುವವನ ಬಾಯಿ ಒಣಗುತ್ತಿತ್ತು.

ಎಂಜಿನ್ನಿನ ಮೇಲಿನ ನಂಬರು, ಕಾರಿನ ಅಡಿಚೌಕಟ್ಟಾದ ಚಾಸಿಯ ನಂಬರು ಎರಡೂ ಕಾರ್ಖಾನೆಯ ಕಾಗದಕ್ಕೆ ತಾಳೆಯಾದರೆ ಒಂದು ಬೆಲೆ. ಎಂಜಿನ್ ಬದಲಾಗಿದ್ದರೆ ಅದರ ಅರ್ಧ. ಬಣ್ಣ ಮೊದಲಿನದೇ ಇರಬೇಕು. ಬಾಗಿಲ ಕೆಳಗಿನ ತಗಡನ್ನು ತುಕ್ಕು ತಿಂದಿರಬಾರದು. ಮೊದಲ ಮಾಲೀಕ ಸರ್ವೀಸ್ ಮಾಡಿಸಿದ ಚೀಟಿಗಳಿದ್ದರೆ ಕೇಳುವುದೇ ಬೇಡ. ಇದೆಲ್ಲ ಸರಿಯೇ, ಆದರೆ ದೊಡ್ಡಪ್ಪನಿಗೆ ಇದು ಗೀಳಾಗಿಬಿಟ್ಟಿತ್ತು. ನಮ್ಮ ಕುಕ್ಕರಿಗೆ ಹೊಸ ಹಿಡಿ ಹಾಕಿಸಿದ್ದಕ್ಕೆ, "ಹಳೇದನ್ನ ಬಿಸಾಕಿದ್ರಾ?" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಅವರ ತಮ್ಮ, ಅಂದರೆ ನನ್ನ ಅಪ್ಪ, ಮೆಕ್ಯಾನಿಕ್. ಕಾರು ಓಡಿಸಿ ನೋಡುವುದು ಅಪ್ಪನ ಪಾಲು, ದೊಡ್ಡಪ್ಪ ಹೇಳಿದ್ದನ್ನು ವರದಿಯಾಗಿ ಟೈಪ್ ಮಾಡುವುದು ನನ್ನ ಪಾಲು.

ಆ ಕೆಂಪು ಕಾರು ಒಬ್ಬ ಡಾಕ್ಟರದು. ಎರಡೇ ಸೀಟು, ಸೀಟಿನ ಬೆನ್ನಿಗೇ ಎಂಜಿನ್. ಮೂವತ್ತು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಅಂಥ ಕಾರುಗಳ ಬೆಲೆ ಐದೇ ವರ್ಷದಲ್ಲಿ ಮೂರು ಪಟ್ಟಾಗಿದ್ದರಿಂದ ಟೈಲ್ಸ್ ಫ್ಯಾಕ್ಟರಿಯ ಸಾಹುಕಾರರು ಕೊಳ್ಳಲು ತುದಿಗಾಲಲ್ಲಿ ನಿಂತಿದ್ದರು. ಅಪ್ಪ ಎರಡು ದಿನ ಕೂತು ಟ್ಯಾಂಕು ತೊಳೆದು, ಹೊಸ ಪೆಟ್ರೋಲು ಹಾಕಿ ಎಂಜಿನ್ ಎಬ್ಬಿಸಿದ. ಅಂದಿನಿಂದ ಶೆಡ್ಡಿನ ಪೆಟ್ರೋಲ್ ವಾಸನೆ ಹೋಗಲೇ ಇಲ್ಲ. ನನಗೆ ಅದು ಸರಿಬರಲಿಲ್ಲ. ಅಪ್ಪನಿಗೂ ಅಷ್ಟೇ.

"ಅಣ್ಣಾ, ಈ ಪೆಟ್ರೋಲ್ ಪೈಪು ಒಣಗಿ ಬಿರುಕು ಬಿಟ್ಟಿದೆ ನೋಡು. ಹೊಸದು ಹಾಕ್ತೀನಿ, ಅರ್ಧ ಗಂಟೆ ಕೆಲಸ."

ದೊಡ್ಡಪ್ಪ ಅದರ ಮೇಲೆ ಟಾರ್ಚಿನ ಬೆಳಕು ಬಿಟ್ಟರು. ಬಟ್ಟೆ ಹೆಣೆದ ರಬ್ಬರ್ ಪೈಪಿನ ಮೇಲೆ ಇಟಲಿಯ ಕಾರ್ಖಾನೆಯ ಮುದ್ರೆ, ಇಸವಿ, ಎರಡನ್ನೂ ಇನ್ನೂ ಓದಬಹುದಿತ್ತು. ಅವರ ಮುಖ ಅರಳಿದ್ದನ್ನು ಕಣ್ಣಾರೆ ಕಂಡೆ.

"ಮುಟ್ಬೇಡ ಕಣೋ! ಮುದ್ರೆ ಇರೋ ಪೈಪು ನಾನು ನೋಡ್ತಿರೋದೇ ಇದು ಮೊದಲು. ಇದೊಂದಿದ್ರೆ ಕಾರಿಗೆ ಯಾರೂ ಕೈ ಹಾಕಿಲ್ಲ ಅಂತ ಸಾಕ್ಷಿ."

"ಬಿಚ್ಚಿ ಕವರಲ್ಲಿ ಹಾಕಿ ಕೊಡೋಣ. ಸಾಹುಕಾರ್ರು ಬೇಕಾದ್ರೆ ಗಾಜಿನ ಪೆಟ್ಟಿಗೇಲಿ ಇಟ್ಕೊಳ್ಲಿ."

"ಬಿಚ್ಚಿದ್ರೆ ಹಳೇ ಕ್ಲಿಪ್ಪು ಮುರಿಯುತ್ತೆ. ಭಾನುವಾರ ಅವ್ರು ಒಂದ್ಸಲ ನೋಡ್ಲಿ, ಆಮೇಲೆ ಏನಾದ್ರೂ ಮಾಡ್ಕೋ."

"ಬೆಂಕಿ ಹತ್ತಿದ್ರೆ?"

"ಇಷ್ಟು ವರ್ಷ ಹತ್ತದೇ ಇದ್ದಿದ್ದು ಇನ್ನೆರಡು ದಿನದಲ್ಲಿ ಹತ್ತುತ್ತಾ? ಬಿಡ್ತು ಅನ್ನು."

ಅಪ್ಪ ಅಣ್ಣನಿಗೆ ಎದುರಾಡಿದವನಲ್ಲ. ಆ ದಿನವಾದರೂ ಎದುರಾಡಬಾರದಿತ್ತೇ ಎಂದು ನನಗೆ ಇಂದಿಗೂ ಸಿಟ್ಟು. ಹಾಗಂತ ನಾನೇನು ಕಡಿದು ಕಟ್ಟೆ ಹಾಕಿದೆ? 'ಪೆಟ್ರೋಲ್ ಪೈಪು: ಕಾರ್ಖಾನೆಯದೇ, ಮುದ್ರೆ ಸಹಿತ' ಎಂದು ಟೈಪ್ ಮಾಡಿ, ಕೆಳಗೊಂದು ಗೆರೆಯನ್ನೂ ಎಳೆದೆ.

ಶನಿವಾರ ಅಪ್ಪ ಕಾರಿನ ಕೆಳಗೆ ಒಂದು ರಟ್ಟು ಹಾಸಿದ. ಮಧ್ಯಾಹ್ನ ಅದರ ಮೇಲೆ ಒಂದು ಒದ್ದೆ ಕಲೆ. ಸಂಜೆಗೆ ಮೂರು. ನನಗೆ ತೋರಿಸಿ, "ಅಮ್ಮಂಗೆ ಹೇಳ್ಬೇಡ," ಎಂದು ರಟ್ಟನ್ನು ಮಡಚಿಟ್ಟ. ನಾನು ಯಾರಿಗೂ ಹೇಳಲಿಲ್ಲ.

ಭಾನುವಾರ ಸಾಹುಕಾರರು ಬಂದರು. ಕನ್ನಡಕ ಏರಿಸಿ ಪೈಪು ನೋಡಿ, ದೊಡ್ಡಪ್ಪನ ಬೆನ್ನು ತಟ್ಟಿದರು. "ಒಂದೆರಡು ರೌಂಡ್ ಓಡಿಸಿ ತೋರಿಸಿ," ಎಂದರು. ಅಪ್ಪ ಒಂದು ಕ್ಷಣ ಅಣ್ಣನ ಮುಖ ನೋಡಿದ. ದೊಡ್ಡಪ್ಪ, "ಹೂಂ, ಹೊರಡು," ಎಂದರು. ಅಪ್ಪ ನನಗೆ, "ದೂರ ನಿಂತ್ಕೋ," ಎಂದಷ್ಟೇ ಹೇಳಿ ಕಾರು ಹತ್ತಿದ.

ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ, ಶೆಡ್ಡಿನ ಪಕ್ಕದ ಗೋದಾಮಿನ ಗೋಡೆಯ ತಿರುವಿನಲ್ಲಿ, ಸೀಟಿನ ಹಿಂದೆ ಹೊಗೆ ಕಂಡಿತು. "ಹಳೇ ಎಣ್ಣೆ ಸುಡ್ತಿದೆ, ಗಾಬರಿ ಬೇಡ," ಎಂದರು ದೊಡ್ಡಪ್ಪ. ಅವರ ಬಾಯಿಂದ ಆ ಮಾತು ಮುಗಿಯುವಷ್ಟರಲ್ಲಿ ಕಾರಿನ ಹಿಂಭಾಗ ಧಗ್ಗೆಂದು ಹತ್ತಿಕೊಂಡಿತು. ಬಾಗಿಲು ತೆರೆದು ಅಪ್ಪ ಹೊರಗೆ ಬಿದ್ದ. ಅಂಗಿ ಉರಿಯುತ್ತಿತ್ತು. ದೊಡ್ಡಪ್ಪ ಗೋಣಿಚೀಲ ಹಿಡಿದು ಓಡಿದರು. ಆರು ದಿನ ಆಸ್ಪತ್ರೆಯಲ್ಲಿ ನರಳಿ ಅಪ್ಪ ತೀರಿಕೊಂಡ.

ಮೂರು ವಾರ ಕಳೆದು ಸಾಹುಕಾರರ ಫೋನು. ಚಾಸಿ ನಂಬರ್ ಉಳಿದಿದೆಯೇ ನೋಡಿ ವರದಿ ಕೊಡಬೇಕಂತೆ. ಈ ವ್ಯಾಪಾರದಲ್ಲಿ ನಂಬರ್ ಉಳಿದರೆ ಕಾರು ಉಳಿದಂತೆ. ಅದರ ಸುತ್ತ ಮಿಕ್ಕಿದ್ದನ್ನೆಲ್ಲ ಹೊಸದಾಗಿ ಕಟ್ಟುತ್ತಾರೆ, ಸುಟ್ಟದ್ದಕ್ಕೂ ಬೆಲೆಯಿದೆ. ದೊಡ್ಡಪ್ಪ ಹೋಗಲಾರರು ಎಂದುಕೊಂಡಿದ್ದೆ. ಹೋದರು. ಬೂದಿಯಲ್ಲಿ ಮಂಡಿಯೂರಿ, ಬೆರಳಿನಿಂದ ಮಸಿ ಒರೆಸಿ, ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದರು. ನಾನು ಹಲ್ಲು ಕಚ್ಚಿಕೊಂಡು ಬರೆದುಕೊಂಡೆ.

ಮನೆಗೆ ಬಂದು ಟೈಪ್ ಮಾಡುತ್ತಾ, "ಬೆಂಕಿಗೆ ಕಾರಣ ಅಂತ ಏನು ಹಾಕ್ಲಿ?" ಎಂದು ಬೇಕೆಂದೇ ಕೇಳಿದೆ.

ದೊಡ್ಡಪ್ಪ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಆಮೇಲೆ, "ಬರಿ. ಪೈಪು ಬದಲಾಯಿಸ್ಬೇಕು ಅಂತ ಮೆಕ್ಯಾನಿಕ್ ಹೇಳಿದ್ದ. ಪರೀಕ್ಷೆ ಮಾಡಿದವನು ಬಿಡ್ಲಿಲ್ಲ," ಎಂದರು. ಎರಡು ಸಲ ಓದಿಸಿಕೊಂಡು ಸಹಿ ಹಾಕಿದರು.

ವರದಿ ಮುಟ್ಟಿದ ದಿನವೇ ಸಾಹುಕಾರರ ಫೋನು ಬಂತು. ಅವರ ದನಿ ನನಗೂ ಕೇಳುತ್ತಿತ್ತು. "ಹಾಗಾದ್ರೆ ಎಂಜಿನ್ದು ಏನೂ ತಪ್ಪಿಲ್ಲ ಅಂದಂಗಾಯ್ತಲ್ಲ! ಬರೀ ಪೈಪು! ಒಳ್ಳೇದಾಯ್ತು ಬಿಡಿ, ಧೈರ್ಯವಾಗಿ ತಗೋತೀನಿ. ನಿಮ್ಮಿಂದ ದೊಡ್ಡ ಉಪಕಾರ."

ದೊಡ್ಡಪ್ಪ ಫೋನನ್ನು ಕಿವಿಯಿಂದ ತೆಗೆಯದೆ ಹಾಗೇ ನಿಂತರು. ಯಾರಾದರೂ ತಮ್ಮನ್ನು ಹಿಡಿದು ಉಗಿಯಲಿ ಎಂದೇ ಆ ಸಾಲು ಬರೆಸಿದ್ದರು. ಕೊನೆಗೆ ನನ್ನ ಕಡೆ ತಿರುಗಿದರು.

"ನೀನಾದ್ರೂ ಬೈಯೇ ಮಗಳೇ," ಎಂದರು.