ನಾನು ಓದದೆ ಬಿಟ್ಟ ಸಾಲು

ಹೋದ ವಾರ ಹದಿಮೂರು ವರ್ಷದ ಹುಡುಗಿಯೊಬ್ಬಳು ನನ್ನ ಸುಳ್ಳನ್ನು ಹಿಡಿದಳು. ಅವರದೇ ಮನೆಯಲ್ಲಿ ಕೂತು, ಅವರದೇ ಕಾಫಿ ಕುಡಿಯುತ್ತಾ ನಾನು ಹೇಳಿದ ಸುಳ್ಳು ಅದು.

ಹುಡುಗಿಯ ಹೆಸರು ಭವಾನಿ. ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ನಾವು ಬಾಡಿಗೆಗಿರುವ ಮನೆಯ ಓನರ್ ಮಗಳು. ಅವರು ತಲೆಮಾರುಗಳಿಂದ ಈ ಕಡೆ ನೆಲೆಸಿದ ಕನ್ನಡದವರು. ಮಾತು ಕನ್ನಡ, ಕನ್ನಡದ ಅಕ್ಷರ ಮಾತ್ರ ಗೊತ್ತಿಲ್ಲ. (ನನ್ನ ತಮಿಳಿನ ಕಥೆಯೂ ಇಷ್ಟೇ.)

ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಶುಕ್ರವಾರ ಶಾಲೆಯಲ್ಲೇ ಹಾಕುತ್ತಾರೆ, ಮನೆಯವರು ಸಹಿ ಮಾಡಬೇಕು ಎಂದು ಫಾರಂ ಬಂದಿತ್ತು. ಅಮ್ಮ ಜಯಂತಿ ತಯಾರು. ಅಜ್ಜಿ, ಅಂದರೆ ಜಯಂತಿಯ ಅತ್ತೆ, ಬೇಡವೆಂದರು. ಹೊಸ ಊಸಿ (ಸೂಜಿಮದ್ದು), ಇಪ್ಪತ್ತು ವರ್ಷ ಬಿಟ್ಟು ಏನಾಗುತ್ತದೋ, ಮಕ್ಕಳಾಗದಿದ್ದರೆ ಯಾರನ್ನು ಕೇಳುವುದು ಎಂಬ ಪ್ರಶ್ನೆ. ಜೊತೆಗೆ ನೆಂಟರೊಬ್ಬರು ಕಳಿಸಿದ ವಾಟ್ಸಾಪ್ ಆಡಿಯೋ. ಮಾತಾಡಿದವನಿಗೆ ಹೆಸರಿಲ್ಲ, ಊರಿಲ್ಲ. ಅವನ ಹತ್ತಿರ ಮಾತ್ರ ಯಾರೂ ಪುರಾವೆ ಕೇಳುವುದಿಲ್ಲ!

ಅಜ್ಜಿಯ ಈ ಪ್ರಶ್ನೆಯನ್ನೇ ಜಯಂತಿ ಶಾಲೆಯ ಮೀಟಿಂಗಿನಲ್ಲಿ ಕೇಳಿದ್ದಳಂತೆ. ಬಂದಿದ್ದ ಡಾಕ್ಟರು ನೀವೇನು ಎಂಬಿಬಿಎಸ್ ಓದಿದ್ದೀರಾ ಅಂದರಂತೆ. ಎಲ್ಲರೂ ನಕ್ಕರು, ಇವಳು ಕೂತಳು. ಕೇಳಿ ನನ್ನ ಮೈ ಉರಿದುಹೋಯಿತು. ಮಗಳ ತೋಳಿಗೆ ಚುಚ್ಚುವುದು ಏನು ಅಂತ ತಾಯಿ ಕೇಳಬಾರದೇ?

ಹಾಗಂತ ಆ ಕಾಯಿಲೆ ಈ ಮನೆಗೆ ಹೊಸದೇನಲ್ಲ. ಅಜ್ಜಿಯ ಸ್ವಂತ ತಂಗಿ ಅದರಲ್ಲೇ ತೀರಿಕೊಂಡರು. ಮನೆಯಲ್ಲಿ ಅದಕ್ಕೆ ಇವತ್ತಿಗೂ ಹೊಟ್ಟೆನೋವು ಅಂತಲೇ ಹೆಸರು.

ಸರಿ, ಉದ್ಧಾರ ಮಾಡಲು ನಾನು ಹೊರಟೆ. ಶಾಲೆಯವರು ಫಾರಂ ಜೊತೆ ಕೊಟ್ಟಿದ್ದ ತಮಿಳು ಮಾಹಿತಿ ಹಾಳೆಯ ಕನ್ನಡ ರೂಪವನ್ನು ನೆಟ್‌ನಲ್ಲಿ ಹುಡುಕಿ, ಪ್ರಿಂಟ್ ತೆಗೆದು, ಅಕ್ಷರ ಬಾರದೆಂಬುದನ್ನೇ ಮರೆತು ಅಜ್ಜಿಯ ಕೈಗಿಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ, ನೀನೇ ಓದು ಅಂತ ವಾಪಸ್ ಕೊಟ್ಟರು.

ಓದಿದೆ. ತೋಳು ನೋಯಬಹುದು, ಜ್ವರ ಬರಬಹುದು, ಕೆಲವರಿಗೆ ತಲೆಸುತ್ತು. ಹಲವು ದೇಶಗಳಲ್ಲಿ ವರ್ಷಗಳಿಂದ ಕೊಡುತ್ತಿದ್ದಾರೆ. ಆಮೇಲೆ ಒಂದು ಸಾಲಿತ್ತು: ದೀರ್ಘಕಾಲದ ಪರಿಣಾಮಗಳ ಮೇಲೆ ನಿಗಾ ಮುಂದುವರಿದಿದೆ. ಕಣ್ಣಿಗೆ ಬಿತ್ತು, ಬಾಯಿಗೆ ಬರಲಿಲ್ಲ. ಸುಮ್ಮನೆ ಯಾಕೆ ಹೆದರಿಸುವುದು ಅಂತ ಹಾರಿಸಿಬಿಟ್ಟೆ.

ಭವಾನಿ ಪಕ್ಕದಲ್ಲೇ ತಮಿಳು ಹಾಳೆ ಹಿಡಿದು ಕೂತಿದ್ದಳು.

"ಅಕ್ಕಾ, ನಡುವೆ ಒಂದು ವರಿ ಬಿಟ್ಟುಬಿಟ್ರಿ," ಅಂದಳು. ಆ ಸಾಲನ್ನು ತಮಿಳಿನಲ್ಲಿ ಗಟ್ಟಿಯಾಗಿ ಓದಿಯೂ ಬಿಟ್ಟಳು.

ಆಮೇಲೆ ನಾನು ಬಡಬಡಿಸಿದ್ದೇ ಬಡಬಡಿಸಿದ್ದು. ನಿಗಾ ಅಂದರೆ ಅಪಾಯ ಅಂತಲ್ಲ ಅಜ್ಜಿ, ಯಾವ ಔಷಧಿಯನ್ನಾದರೂ ಹೀಗೆ ನೋಡುತ್ತಲೇ ಇರುತ್ತಾರೆ. ಇಷ್ಟು ವರ್ಷ ನೋಡಿದ್ದರಲ್ಲಿ ಮಕ್ಕಳಾಗುವುದಕ್ಕೆ ತೊಂದರೆ ಕಂಡಿಲ್ಲ. ಮುಂದಿನದನ್ನು ಪೂರ್ತಿ ಬಲ್ಲವರು ಯಾರೂ ಇಲ್ಲ. ಆದರೆ ಕಾಯಿಲೆ ಏನು ಮಾಡುತ್ತದೆ ಅಂತ ನೀವೇ ಕಂಡಿದ್ದೀರಲ್ಲ? ಎಲ್ಲವೂ ನಿಜವೇ. ಸಿಕ್ಕಿಬಿದ್ದ ಮೇಲೆ ಹೇಳಿದ ನಿಜ.

ಅಜ್ಜಿ ರೇಗಲಿಲ್ಲ. ವಯಸ್ಸಿನಲ್ಲಿದ್ದಾಗ ಇಲ್ಲೇ ಹತ್ತಿರದ ಸಿರುಮುಗೈ ಊರಿನಲ್ಲಿ ಕೈಮಗ್ಗದ ಸೀರೆ ನೇಯ್ದ ಹೆಂಗಸು.

"ಸೀರೆಲಿ ಎಳೆ ತಪ್ಪಿದ್ರೆ ನಾನು ಬಿಚ್ಚಿ ತೋರ್ಸಿಯೇ ಕೊಡ್ತಿದ್ದೆ ಕಣಮ್ಮಾ. ಬೇಕಿದ್ದೋರು ತಗೊಂಡು ಹೋಗ್ತಿದ್ರು. ನೀನು ಮಡಿಸಿ ಮುಚ್ಚಿದೆ. ಇನ್ನೂ ಏನೇನು ಮುಚ್ಚಿದೀಯೋ ನನಗೆ ಹೇಗೆ ತಿಳೀಬೇಕು?"

ಆ ಡಾಕ್ಟರು ಗೇಲಿ ಮಾಡಿ ಮುಚ್ಚಿದ್ದನ್ನು ನಾನು ನಯವಾಗಿ ಮುಚ್ಚಿದೆ, ಅಷ್ಟೇ ವ್ಯತ್ಯಾಸ. ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ, ಆದರೂ ಹಾಕಿಸುವುದೇ ಮೇಲು ಅಂತ ಮೊದಲೇ ಹೇಳಲು ನಮಗೇನು ರೋಗ? ಓದಿಕೊಂಡವರು ಖಾಲಿ ಬಿಟ್ಟ ಜಾಗದಲ್ಲೇ ತಾನೇ ಆ ಹೆಸರಿಲ್ಲದ ಆಡಿಯೋ ಬಂದು ಕೂರುವುದು?

ಅತ್ತೆಯ ಮಾತು ಮೀರುವ ಧೈರ್ಯ ಜಯಂತಿಗೆ ಇರಲಿಲ್ಲ. ಫಾರಂ ಸಹಿಯಿಲ್ಲದೆ ವಾಪಸ್ ಹೋಯಿತು.

ಶುಕ್ರವಾರ ಸಂಜೆ ನಮ್ಮ ಬೀದಿಯ ಹುಡುಗಿಯರು ತೋಳು ಉಜ್ಜಿಕೊಳ್ಳುತ್ತಾ ಮನೆಗೆ ಬಂದರು. ಭವಾನಿಗೆ ತೋಳುನೋವಿಲ್ಲ, ಜ್ವರವಿಲ್ಲ, ತಲೆಸುತ್ತೂ ಇಲ್ಲ.

ಸಂತೋಷಪಡೋಣವೇ?